ಸ್ಪೋರ್ಟ್ಸ್ ಕಾರ್ ತಗೊಳ್ಳುವ ಮುಂಚೆ ಮೈಲೇಜ್ ಲೆಕ್ಕ ಹಾಕುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

"ಬ್ರೋಶರ್‌ನಲ್ಲಿ ಲೀಟರ್‌ಗೆ ಹನ್ನೆರಡು ಅಂತ ಇತ್ತು, ನನಗೆ ಏಳು ಬರ್ತಿದೆ. ಗಾಡಿಯಲ್ಲೇ ಏನೋ ದೋಷ ಇರಬೇಕು, ಅಲ್ವಾ?" ಸ್ಪೋರ್ಟ್ಸ್ ಕಾರ್ ತಗೊಂಡ ಎರಡು ಮೂರು ತಿಂಗಳಿಗೆ ಬರುವ ಪ್ರಶ್ನೆ ಇದು. ಹೆಚ್ಚಿನ ಸಲ ಗಾಡಿಯಲ್ಲಿ ಏನೂ ದೋಷ ಇರುವುದಿಲ್ಲ. ಲೆಕ್ಕ ಹಾಕಿದ ಕ್ರಮ ತಪ್ಪಾಗಿರುತ್ತದೆ. ಮೊದಲು ಕಾರಿಗೆ ಮನಸೋಲುತ್ತಾರೆ, ಆಮೇಲೆ ಅದರ ಮೈಲೇಜ್ ಅಂಕಿ ಹುಡುಕುತ್ತಾರೆ, ತಮ್ಮ ಓಡಾಟ ಎಂಥದ್ದು ಅಂತ ಕೊನೆಗೆ ಯೋಚಿಸುತ್ತಾರೆ. ಇದನ್ನು ತಿರುಗಿಸಬೇಕು. ಮೊದಲು ನಿಮ್ಮ ರಸ್ತೆ, ಆಮೇಲೆ ಅಂಕಿ, ಕೊನೆಗೆ ಕಾರು.

ಸಣ್ಣ ಎಂಜಿನ್‌ನ ಮಾಮೂಲಿ ಕಾರಿನಲ್ಲಿ ಈ ಕ್ರಮ ತಪ್ಪಿದರೂ ದೊಡ್ಡ ನಷ್ಟವಿಲ್ಲ, ಯಾಕೆಂದರೆ ಸಿಟಿ ಮತ್ತು ಹೈವೇ ನಡುವಿನ ವ್ಯತ್ಯಾಸ ಕಡಿಮೆ. ದೊಡ್ಡ ಎಂಜಿನ್‌ನ ಸ್ಪೋರ್ಟ್ಸ್ ಕಾರು ಸಿಟಿಯಲ್ಲಿ ಹೈವೇಗಿಂತ ಹೆಚ್ಚು ಕಡಿಮೆ ಎರಡರಷ್ಟು ಪೆಟ್ರೋಲ್ ಕುಡಿಯಬಹುದು. ಒಂದೇ ಕಾರಿಗೆ ಎರಡು ಬೇರೆ ಬೇರೆ ಮುಖ ಇದ್ದ ಹಾಗೆ. ನಿಮಗೆ ಯಾವ ಮುಖ ಕಾಣಿಸುತ್ತದೆ ಅನ್ನುವುದು ನಿಮ್ಮ ರಸ್ತೆಯ ಮೇಲೆ ನಿಂತಿದೆ.

## ಶುರು ಮಾಡುವ ಮುಂಚೆ ಏನೇನು ಬೇಕು

ಜಾಸ್ತಿ ಏನೂ ಬೇಡ. ಒಂದು ನೋಟ್‌ಬುಕ್ ಅಥವಾ ಫೋನ್, ಕ್ಯಾಲ್ಕುಲೇಟರ್, ಟೈರಿನ ಗಾಳಿ ಅಳೆಯುವ ಗೇಜ್. ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಒಂದು ಒಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರಿಗೆ ಸಿಕ್ಕಿಸಿ ಎಂಜಿನ್ನಿನ ಅಂಕಿ ಓದುವ ಸಾಧನ. ಇವೆಲ್ಲಕ್ಕಿಂತ ಮುಖ್ಯವಾಗಿ ಮೂರು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟು ಸಮಯ ಬೇಕು. ಈ ತಾಳ್ಮೆ ಇಲ್ಲದವರೇ ಮುಂದೆ ಪೇಚಾಡುವುದು.

## ಹಂತ 1: ಈಗಿರುವ ಗಾಡಿಯಲ್ಲೇ ನಿಮ್ಮ ಓಡಾಟ ಅಳೆಯಿರಿ

ಹೊಸ ಕಾರಿನ ಲೆಕ್ಕ ಹಳೆ ಕಾರಿನಿಂದಲೇ ಶುರುವಾಗುತ್ತದೆ. ನೀವು ಈಗ ಓಡಿಸುತ್ತಿರುವುದು ಚಿಕ್ಕ ಹ್ಯಾಚ್‌ಬ್ಯಾಕ್ ಆಗಿದ್ದರೂ ಪರವಾಗಿಲ್ಲ. ನಾವು ಅಳೆಯುತ್ತಿರುವುದು ಗಾಡಿಯನ್ನಲ್ಲ, ನಿಮ್ಮ ದಾರಿಯನ್ನು.

ಬಂಕ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ನಾಝಲ್ ಮೊದಲ ಸಲ "ಟಕ್" ಅಂತ ನಿಂತ ಕೂಡಲೇ ನಿಲ್ಲಿಸಿ. ಅದರ ಮೇಲೆ ಇನ್ನೊಂದು ಚೂರು, ಮತ್ತೊಂದು ಚೂರು ಅಂತ ತುಂಬಿಸಬೇಡಿ. ಪ್ರತಿ ಸಲ ಒಂದೇ ಮಟ್ಟಕ್ಕೆ ನಿಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಸಾಧ್ಯವಾದರೆ ಅದೇ ಬಂಕ್‌ನ ಅದೇ ಪಂಪ್‌ಗೆ ಹೋಗಿ, ಮತ್ತೆ ಮೊದಲ "ಟಕ್"ವರೆಗೆ ಹಾಕಿಸಿ. ಎಷ್ಟು ಲೀಟರ್ ಹಿಡಿಯಿತು, ಎಷ್ಟು ಕಿಲೋಮೀಟರ್ ಓಡಿತು ಬರೆದುಕೊಳ್ಳಿ. ಉದಾಹರಣೆಗೆ 412 ಕಿ.ಮೀ. ಓಡಿ 31.6 ಲೀಟರ್ ಹಿಡಿದರೆ, 31.6 ಅನ್ನು 412ರಿಂದ ಭಾಗಿಸಿ 100ರಿಂದ ಗುಣಿಸಿ. 7.7 ಬರುತ್ತದೆ. ಅಂದರೆ 100 ಕಿ.ಮೀ.ಗೆ 7.7 ಲೀಟರ್. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಇದರ ಜೊತೆ ಇನ್ನೊಂದು ಅಂಕಿ ಬರೆದುಕೊಳ್ಳಲೇಬೇಕು. ಅದನ್ನು ಯಾರೂ ನೋಡುವುದಿಲ್ಲ: ಸರಾಸರಿ ವೇಗ. ಟ್ರಿಪ್ ಕಂಪ್ಯೂಟರ್‌ನಲ್ಲಿ ಅದು ಇರುತ್ತದೆ. ಇಲ್ಲದಿದ್ದರೆ ಓಡಿದ ದೂರವನ್ನು ತಗುಲಿದ ಗಂಟೆಗಳಿಂದ ಭಾಗಿಸಿ. "ನಾನು ಅರ್ಧ ಸಿಟಿ, ಅರ್ಧ ಹೈವೇ ಓಡಿಸ್ತೀನಿ" ಅನ್ನುವವರ ಸರಾಸರಿ ವೇಗ ನೋಡಿದರೆ ಎಷ್ಟೋ ಸಲ ಗಂಟೆಗೆ 22 ಅಥವಾ 24 ಕಿ.ಮೀ. ಇರುತ್ತದೆ. ಅದು ಅರ್ಧರ್ಧ ಅಲ್ಲ, ಅದು ಸಿಟಿ. ನಮ್ಮ ನೆನಪಿನಲ್ಲಿ ಖುಷಿ ಕೊಟ್ಟ ದಾರಿಯೇ ಉದ್ದವಾಗಿ ಉಳಿಯುತ್ತದೆ. ಮೀಟರ್‌ಗೆ ಆ ಪಕ್ಷಪಾತ ಇಲ್ಲ.

ನಿಮ್ಮ ತಿಂಗಳ ಕಿಲೋಮೀಟರನ್ನು ಸಿಟಿ ಮತ್ತು ತೆರೆದ ರಸ್ತೆ ಅಂತ ಎರಡು ಪಾಲು ಮಾಡಿ. ಐದು ಕಿ.ಮೀ.ಗಿಂತ ಚಿಕ್ಕ ಓಡಾಟ ಎಷ್ಟಿದೆ ಅಂತಲೂ ಗುರುತು ಹಾಕಿ. ತಣ್ಣಗಿರುವ ಎಂಜಿನ್ ಬಿಸಿಯಾಗುವ ತನಕ ಜಾಸ್ತಿ ಪೆಟ್ರೋಲ್ ಕೇಳುತ್ತದೆ. ಎಂಜಿನ್ ದೊಡ್ಡದಾದಷ್ಟೂ ಬಿಸಿ ಮಾಡಬೇಕಾದ ಲೋಹ, ಆಯಿಲ್ ಎಲ್ಲವೂ ಜಾಸ್ತಿ. ಚಿಕ್ಕ ಓಡಾಟವೇ ಹೆಚ್ಚಿದ್ದರೆ ಮುಂದೆ ಬರುವ ಸಿಟಿ ಅಂಕಿಗಿಂತಲೂ ಕೆಟ್ಟದ್ದನ್ನೇ ನಿರೀಕ್ಷಿಸಿ.

## ಹಂತ 2: ಎಲ್ಲವನ್ನೂ ನೂರರ ಲೆಕ್ಕಕ್ಕೆ ತನ್ನಿ

ನಾವೆಲ್ಲ ಲೀಟರ್‌ಗೆ ಎಷ್ಟು ಕಿಲೋಮೀಟರ್ ಅಂತಲೇ ಮಾತಾಡುತ್ತೇವೆ. ಮಾತಿಗೆ ಅದು ಸರಿ. ಎರಡು ಕಾರು ಹೋಲಿಸುವಾಗ ಮಾತ್ರ ಅದು ದಾರಿ ತಪ್ಪಿಸುತ್ತದೆ.

ಹೀಗೆ ನೋಡಿ. ಒಂದು ಕಾರು ಲೀಟರ್‌ಗೆ 6, ಇನ್ನೊಂದು 8 ಕೊಡುತ್ತದೆ. ಬೇರೆ ಕಡೆ ಒಂದು 14, ಇನ್ನೊಂದು 16 ಕೊಡುತ್ತದೆ. ಎರಡು ಕಡೆಯೂ ವ್ಯತ್ಯಾಸ 2 ಅನ್ನಿಸುತ್ತದೆ. 10,000 ಕಿ.ಮೀ. ಓಡಿಸಿ ನೋಡಿದರೆ ಮೊದಲ ಜೋಡಿಯಲ್ಲಿ 1,667 ಮತ್ತು 1,250 ಲೀಟರ್, ಅಂದರೆ 417 ಲೀಟರ್ ವ್ಯತ್ಯಾಸ. ಎರಡನೇ ಜೋಡಿಯಲ್ಲಿ 714 ಮತ್ತು 625, ಬರೀ 89 ಲೀಟರ್. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2008ರಲ್ಲೇ ಈ ಮೋಸವನ್ನು ತೋರಿಸಿಕೊಟ್ಟಿದ್ದರು. ಸ್ಪೋರ್ಟ್ಸ್ ಕಾರುಗಳು ಬಹುಪಾಲು ಆ ಮೊದಲ ಜೋಡಿಯ ಸಾಲಿನಲ್ಲೇ ಇರುತ್ತವೆ. ಹಾಗಾಗಿ "ಒಂದೇ ಒಂದು ಕಿಲೋಮೀಟರ್ ಕಡಿಮೆ ತಾನೇ" ಅನ್ನುವುದು ಇಲ್ಲಿ ಚಿಕ್ಕ ಮಾತಲ್ಲ.

ಬದಲಾಯಿಸುವುದು ಸುಲಭ. 100 ಅನ್ನು ನಿಮ್ಮ ಮೈಲೇಜ್‌ನಿಂದ ಭಾಗಿಸಿ, ನೂರಕ್ಕೆ ಎಷ್ಟು ಲೀಟರ್ ಅಂತ ಬರುತ್ತದೆ. ಅಮೆರಿಕದ ಗ್ಯಾಲನ್‌ಗೆ ಎಷ್ಟು ಮೈಲಿ ಅನ್ನುವ ಲೆಕ್ಕ ಇದ್ದರೆ 235 ಅನ್ನು ಆ ಅಂಕಿಯಿಂದ ಭಾಗಿಸಿ. ಬ್ರಿಟನ್ನಿನ ಗ್ಯಾಲನ್ ಆದರೆ 282.

ಇಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ. ಬ್ರಿಟನ್ನಿನ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785. ಬ್ರಿಟನ್ನಿನ ವಿಡಿಯೋದಲ್ಲಿ "ಗ್ಯಾಲನ್‌ಗೆ 30 ಮೈಲಿ" ಅಂದರೆ ಅಮೆರಿಕದ ಲೆಕ್ಕದಲ್ಲಿ ಅದು ಬರೀ 25. ಒಂದೇ ಕಾರಿನ ಎರಡು ವಿಡಿಯೋ ನೋಡಿ, ಬ್ರಿಟನ್ನಿನ ಮಾಡೆಲ್ ಮೈಲೇಜ್ ಚೆನ್ನಾಗಿದೆ ಅಂತ ನಂಬಿದವರು ಬಹಳ ಮಂದಿ.

## ಹಂತ 3: ಕಂಪನಿ ಕೊಟ್ಟ ಅಂಕಿಯನ್ನು ಬಿಡಿಸಿ ಓದಿ

ಬ್ರೋಶರ್‌ನ ಅಂಕಿ ಸುಳ್ಳಲ್ಲ. ಅದು ಒಂದು ನಿಗದಿಯಾದ ಪರೀಕ್ಷೆಯ ಉತ್ತರ. ಯಾವ ಪರೀಕ್ಷೆ ಅಂತ ಮೊದಲು ನೋಡಿ.

ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆ ಸುಮಾರು 20 ನಿಮಿಷದ್ದು, ವೇಗ ಹೆಚ್ಚಿಸುವುದು ತುಂಬ ನಿಧಾನ. ಅದರಲ್ಲಿ ಬಂದ ಮೈಲೇಜ್ ರಸ್ತೆಯಲ್ಲಿ ಸಿಗುವುದು ಕಷ್ಟವಿತ್ತು. 2017ರ ಸೆಪ್ಟೆಂಬರ್‌ನಿಂದ ಹೊಸ ಮಾದರಿಗಳಿಗೆ, 2018ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೆ ಡಬ್ಲ್ಯುಎಲ್‌ಟಿಪಿ ಅನ್ನುವ ಹೊಸ ಪರೀಕ್ಷೆ ಬಂತು. ಇದು 30 ನಿಮಿಷ, 23 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ದೂರ, ಗರಿಷ್ಠ ವೇಗ 131 ಕಿ.ಮೀ. ಹಾಗಾಗಿ 2016ರ ಕಾರಿನ ಅಂಕಿಯನ್ನೂ 2020ರ ಕಾರಿನ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಡಿ. ಹಳೇ ಕಾರೇ ಉತ್ತಮ ಅಂತ ಕಾಣಿಸಿಬಿಡುತ್ತದೆ.

ಡಬ್ಲ್ಯುಎಲ್‌ಟಿಪಿಯ ಸರಾಸರಿ ವೇಗ ಗಂಟೆಗೆ 46.5 ಕಿ.ಮೀ. ಹಂತ 1ರಲ್ಲಿ ನೀವು ಬರೆದುಕೊಂಡ ನಿಮ್ಮ ಸರಾಸರಿ ವೇಗವನ್ನು ಇದರ ಪಕ್ಕ ಇಡಿ. ನಿಮ್ಮದು 24 ಆಗಿದ್ದರೆ ಒಟ್ಟಾರೆ ಅಂಕಿಯನ್ನು ಬಿಟ್ಟುಬಿಡಿ. ಡಬ್ಲ್ಯುಎಲ್‌ಟಿಪಿಯಲ್ಲಿ ಕಡಿಮೆ, ಮಧ್ಯಮ, ಹೆಚ್ಚು, ಅತಿ ಹೆಚ್ಚು ವೇಗ ಅಂತ ನಾಲ್ಕು ಭಾಗಗಳಿವೆ. ತಾಂತ್ರಿಕ ವಿವರದ ಹಾಳೆಯಲ್ಲಿ ಅವು ಬೇರೆ ಬೇರೆಯಾಗಿ ಸಿಕ್ಕರೆ ಕಡಿಮೆ ವೇಗದ ಸಾಲನ್ನೇ ನಿಮ್ಮದು ಅಂದುಕೊಳ್ಳಿ.

ಲೀಟರ್ ಅಂಕಿಯೇ ಕೊಡದೆ ಬರೀ ಕಾರ್ಬನ್ ಡೈಆಕ್ಸೈಡ್ ಎಷ್ಟು ಗ್ರಾಂ ಅಂತ ಕೊಟ್ಟಿರುವುದೂ ಉಂಟು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಹಾಗಾಗಿ ಪ್ರತಿ ಕಿಲೋಮೀಟರಿನ ಗ್ರಾಂ ಅಂಕಿಯನ್ನು 23ರಿಂದ ಭಾಗಿಸಿ. 207 ಗ್ರಾಂ ಅಂದರೆ ನೂರಕ್ಕೆ 9 ಲೀಟರ್.

ಈಗ ಮುಖ್ಯ ಕೆಲಸ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಸಿಟಿ, ಹೈವೇ ಅಂತ ಎರಡು ಅಂಕಿ ಕೊಡುತ್ತದೆ. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನೂರರ ಲೆಕ್ಕಕ್ಕೆ ತಂದರೆ ಮಾನ್ಯುವಲ್ ಗೇರಿನ ಮಜ್ದಾ ಎಂಎಕ್ಸ್-5 ಸಿಟಿಯಲ್ಲಿ 9.0, ಹೈವೇಯಲ್ಲಿ 6.9. 2022ರ ಮಾನ್ಯುವಲ್ ಟೊಯೋಟಾ ಜಿಆರ್86 ಸಿಟಿಯಲ್ಲಿ 11.8, ಹೈವೇಯಲ್ಲಿ 8.7. 2020ರ ಷೆವರ್ಲೆ ಕಾರ್ವೆಟ್ ಸಿಟಿಯಲ್ಲಿ 15.7, ಹೈವೇಯಲ್ಲಿ 8.7.

ಕೊನೆಯ ಎರಡು ಹೈವೇ ಅಂಕಿ ಇನ್ನೊಮ್ಮೆ ನೋಡಿ. 2.4 ಲೀಟರಿನ ನಾಲ್ಕು ಸಿಲಿಂಡರ್ ಕಾರೂ, 6.2 ಲೀಟರಿನ ಎಂಟು ಸಿಲಿಂಡರ್ (ವಿ8) ಕಾರೂ ಹೈವೇಯಲ್ಲಿ ಸಮ ಸಮ! ಕಾರ್ವೆಟ್‌ನ ಮೇಲಿನ ಗೇರು ತುಂಬ ಉದ್ದ, ಹಾಗಾಗಿ ಎಂಜಿನ್ ನಿಧಾನವಾಗಿ ತಿರುಗುತ್ತದೆ. ಜೊತೆಗೆ ಶಕ್ತಿ ಬೇಡದಾಗ ಎಂಟರಲ್ಲಿ ನಾಲ್ಕು ಸಿಲಿಂಡರ್ ಸುಮ್ಮನಾಗುತ್ತವೆ. ಸಿಟಿಯಲ್ಲಿ ಈ ಎರಡು ಅನುಕೂಲವೂ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ನಿಮ್ಮ ಪಾಲು ಹಾಕಿ ನೋಡೋಣ. 70 ಪಾಲು ಸಿಟಿ, 30 ಪಾಲು ಹೈವೇ ಇರುವವರಿಗೆ ಕಾರ್ವೆಟ್ 13.6, ಜಿಆರ್86 10.9, ಎಂಎಕ್ಸ್-5 8.4 ಲೀಟರ್. ಮೊದಲ ಎರಡರ ನಡುವೆ 2.7 ಲೀಟರ್ ಅಂತರ. ಅದೇ 20 ಪಾಲು ಸಿಟಿ, 80 ಪಾಲು ಹೈವೇ ಇರುವವರಿಗೆ ಕಾರ್ವೆಟ್ 10.1, ಜಿಆರ್86 9.3. ಅಂತರ ಬರೀ 0.8. ಒಬ್ಬರಿಗೆ ದುಬಾರಿಯಾದ ಕಾರು ಇನ್ನೊಬ್ಬರಿಗೆ ಹಾಗಲ್ಲ. ಕಾರು ಅದೇ, ಅಂಕಿ ಅದೇ. ಬದಲಾಗಿದ್ದು ರಸ್ತೆ.

ಬಂದ ಉತ್ತರದ ಮೇಲೆ ನಿಮ್ಮ ಕಾಲಿನ ಪಾಲನ್ನೂ ಸೇರಿಸಬೇಕು. ಜೋರಾಗಿ ಆಕ್ಸಿಲರೇಟರ್ ಒತ್ತಿ, ಜೋರಾಗಿ ಬ್ರೇಕ್ ಹಾಕುವ ಚಾಲನೆಯಿಂದ ಮೈಲೇಜ್ ಹೈವೇ ವೇಗದಲ್ಲಿ 15ರಿಂದ 30%, ನಿಂತು ನಿಂತು ಹೋಗುವ ಸಂಚಾರದಲ್ಲಿ 10ರಿಂದ 40% ಬೀಳಬಹುದು ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಸ್ಪೋರ್ಟ್ಸ್ ಕಾರು ತಗೊಳ್ಳುವುದೇ ಆಗಾಗ ಕಾಲು ಒತ್ತುವುದಕ್ಕೆ. ಅದನ್ನು ಲೆಕ್ಕದಿಂದ ಹೊರಗಿಡಬೇಡಿ. ನಾನು ಯಾರಿಗೇ ಹೇಳಿದರೂ ಬಂದ ಅಂಕಿಗೆ ಕನಿಷ್ಠ 15% ಸೇರಿಸಿ ಅಂತಲೇ ಹೇಳುತ್ತೇನೆ.

## ಹಂತ 4: ವಿವರದ ಹಾಳೆಯಲ್ಲಿ ಪೆಟ್ರೋಲ್ ಕುಡಿಯುವ ಜಾಗ ಗುರುತಿಸಿ

ಸಿಟಿಯಲ್ಲಿ ಪೆಟ್ರೋಲ್ ಕುಡಿಯುವುದು ತೂಕ. ಪ್ರತಿ ಸಿಗ್ನಲ್‌ನಲ್ಲಿ ನಿಂತ ಗಾಡಿಗೆ ಮತ್ತೆ ವೇಗ ಕೊಡಬೇಕು, ಕೊಟ್ಟದ್ದನ್ನು ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಹಾಕಿ ಕಳೆಯಬೇಕು. ಹೈವೇಯಲ್ಲಿ ಕುಡಿಯುವುದು ಗಾಳಿ. ಗಾಳಿಯ ತಡೆ ವೇಗದ ವರ್ಗದ ಪ್ರಕಾರ ಏರುತ್ತದೆ. 80ರಿಂದ 120 ಕಿ.ಮೀ.ಗೆ ಏರಿದರೆ ವೇಗ ಒಂದೂವರೆ ಪಟ್ಟು, ಗಾಳಿಯ ತಡೆ 2.25 ಪಟ್ಟು. ದೊಡ್ಡ ರೆಕ್ಕೆ, ಅಗಲದ ಟೈರು, ಬಾಯಿ ತೆರೆದ ಮುಂಭಾಗ ಇದ್ದರೆ ಆ ತಡೆ ಇನ್ನೂ ಜಾಸ್ತಿ. ಮೇಲ್ಛಾವಣಿ ತೆಗೆದು ಓಡಿಸುವ ಕಾರಾದರೆ, ತೆಗೆದಾಗ ಹೈವೇ ಮೈಲೇಜ್ ಇಳಿಯುತ್ತದೆ. ಬ್ರೋಶರ್ ಅದನ್ನು ಹೇಳುವುದಿಲ್ಲ.

ಟರ್ಬೊ, ಅಂದರೆ ಎಂಜಿನ್ ಒಳಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇರುವ ಎಂಜಿನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಪರೀಕ್ಷೆಯಲ್ಲಿ ಆಕ್ಸಿಲರೇಟರ್ ಮೆಲ್ಲಗೆ ಒತ್ತುತ್ತಾರೆ. ಆಗ ಟರ್ಬೊಗೆ ಹೆಚ್ಚು ಕೆಲಸ ಇರುವುದಿಲ್ಲ. ಚಿಕ್ಕ ಎಂಜಿನ್ ಚಿಕ್ಕ ಎಂಜಿನ್ನಿನ ಹಾಗೆಯೇ ಪೆಟ್ರೋಲ್ ಕುಡಿಯುತ್ತದೆ, ಅಂಕಿ ಚೆನ್ನಾಗಿ ಬರುತ್ತದೆ. ರಸ್ತೆಯಲ್ಲಿ ನೀವು ಒತ್ತಿದಾಗ ಟರ್ಬೊ ಜಾಸ್ತಿ ಗಾಳಿ ತುಂಬುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಬೇಕು. ಇನ್ನೂ ಜೋರಾಗಿ, ತುಂಬ ಹೊತ್ತು ಒತ್ತಿದರೆ ಒಳಗಿನ ಶಾಖ ಇಳಿಸಲು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುವ ಎಂಜಿನ್‌ಗಳೂ ಇವೆ. ಟರ್ಬೊ ಕೆಟ್ಟದು ಅಂತಲ್ಲ. ಮೆಲ್ಲಗೆ ಓಡಿಸುವವರಿಗೆ ಅದು ಒಳ್ಳೆಯ ಆಯ್ಕೆ. ಆದರೆ ಅದರ ಮೈಲೇಜ್ ನಿಮ್ಮ ಕಾಲನ್ನು ನೋಡಿ ಬದಲಾಗುವುದು ಜಾಸ್ತಿ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಅಷ್ಟು ಏರಿಳಿತ ಇರುವುದಿಲ್ಲ.

ಗೇರಿನ ಮಾತು. ಮಾನ್ಯುವಲ್ ಅಂದರೆ ಮೈಲೇಜ್ ಜಾಸ್ತಿ ಅನ್ನುವುದು ಹಳೇ ನಂಬಿಕೆ. ಮೇಲೆ ಹೇಳಿದ ಅದೇ 2022ರ ಜಿಆರ್86ರಲ್ಲಿ ಮಾನ್ಯುವಲ್ ಒಟ್ಟಾರೆ 10.7 ಲೀಟರ್, ಆಟೋಮ್ಯಾಟಿಕ್ 9.4. ಮಾನ್ಯುವಲ್ ಗೇರುಗಳನ್ನು ಪಿಕಪ್‌ಗೋಸ್ಕರ ಚಿಕ್ಕದಾಗಿ ಇಟ್ಟಿರುತ್ತಾರೆ. ಮಾನ್ಯುವಲ್ ಓಡಿಸುವ ಸುಖವೇ ಬೇರೆ, ಅದನ್ನು ನಾನೂ ಒಪ್ಪುತ್ತೇನೆ. ಆ ಸುಖಕ್ಕೆ ಮಾನ್ಯುವಲ್ ತಗೊಳ್ಳಿ, ಮೈಲೇಜ್ ಉಳಿಯುತ್ತದೆ ಅಂತ ತಗೊಳ್ಳಬೇಡಿ.

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ತೂಕವೂ ಘರ್ಷಣೆಯೂ ಹೆಚ್ಚು. ದೊಡ್ಡ ಚಕ್ರದ ಆಯ್ಕೆಯಿಂದಲೂ ಅಂಕಿ ಬದಲಾಗುತ್ತದೆ. ಡಬ್ಲ್ಯುಎಲ್‌ಟಿಪಿಯಲ್ಲಿ ನೀವು ಆರಿಸಿದ ಚಕ್ರ, ಇತರ ಆಯ್ಕೆಗಳನ್ನು ಸೇರಿಸಿ ಲೆಕ್ಕ ಹಾಕುತ್ತಾರೆ. ಆದ್ದರಿಂದ ನೀವು ಕೊಳ್ಳಲಿರುವ ಅದೇ ಚಕ್ರದ, ಅದೇ ಆಯ್ಕೆಗಳ ಕಾರಿನ ಅಂಕಿ ಕೇಳಿ ಪಡೆಯಿರಿ.

## ಹಂತ 5: ಯಾವ ಪೆಟ್ರೋಲ್ ಬೇಕು ಅಂತ ಖಚಿತ ಮಾಡಿಕೊಳ್ಳಿ

ಪೆಟ್ರೋಲ್ ಮುಚ್ಚಳದ ಒಳಭಾಗದ ಸ್ಟಿಕರ್ ಓದಿ. ಆಕ್ಟೇನ್ ಅಂದರೆ ಪೆಟ್ರೋಲ್ ತಾನಾಗಿ ಹೊತ್ತಿ ಎಂಜಿನ್ ಬಡಿಯುವುದನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ. 95 ಆಕ್ಟೇನ್ "ಕಡ್ಡಾಯ" ಬೇರೆ, 98 "ಉತ್ತಮ" ಬೇರೆ. ಕಡ್ಡಾಯ ಅಂದಿದ್ದರೆ ಅದಕ್ಕಿಂತ ಕಡಿಮೆ ಹಾಕಲೇಬಾರದು. ಉತ್ತಮ ಅಂದಿದ್ದರೆ ಕಡಿಮೆಯದ್ದೂ ನಡೆಯುತ್ತದೆ. ಆಗ ಎಂಜಿನ್ ಬಡಿತ ತಪ್ಪಿಸಲು ಕಿಡಿಯನ್ನು ತಡವಾಗಿ ಕೊಡುತ್ತದೆ, ಶಕ್ತಿಯೂ ಮೈಲೇಜೂ ಸ್ವಲ್ಪ ಇಳಿಯುತ್ತವೆ. ಅಮೆರಿಕದಲ್ಲಿ ಆಕ್ಟೇನ್ ಅಳೆಯುವ ಪದ್ಧತಿ ಬೇರೆ. ಅಲ್ಲಿಯ 91 ಅಂದರೆ ಬೇರೆ ಕಡೆಯ 95ರ ಸುಮಾರಿಗೆ ಬರುತ್ತದೆ.

ಎಥನಾಲ್ ಬೆರಕೆಯನ್ನೂ ನೋಡಿ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ ಶಕ್ತಿ ಇದೆ. 10% ಬೆರೆಸಿದರೆ ಮೈಲೇಜ್ ಸುಮಾರು 3% ಇಳಿಯುತ್ತದೆ. ನಿಮ್ಮಲ್ಲಿ ಸಿಗುವ ಬೆರಕೆಗೆ ಆ ಕಾರು ಹೊಂದುತ್ತದೆಯೇ ಅಂತ ಮಾಲೀಕರ ಕೈಪಿಡಿಯಲ್ಲೇ ನೋಡಿ. ಮಾರುವವರ ಬಾಯಿಮಾತು ಇದಕ್ಕೆ ಸಾಲದು.

## ಹಂತ 6: ಹೈಬ್ರಿಡ್ ಆದರೆ ಬ್ಯಾಟರಿ ಖಾಲಿಯಾದಾಗಿನ ಅಂಕಿ ಕೇಳಿ

ಪ್ಲಗ್-ಇನ್ ಹೈಬ್ರಿಡ್, ಅಂದರೆ ಎಂಜಿನ್ ಜೊತೆ ಹೊರಗಿನಿಂದ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಸ್ಪೋರ್ಟ್ಸ್ ಕಾರುಗಳ ಡಬ್ಲ್ಯುಎಲ್‌ಟಿಪಿ ಅಂಕಿ ನೋಡಿದರೆ ಸ್ಕೂಟರಿಗಿಂತ ಕಡಿಮೆ ಕುಡಿಯುತ್ತದೇನೋ ಅನ್ನಿಸುತ್ತದೆ. ಆ ಲೆಕ್ಕದಲ್ಲಿ ಒಂದು ಪಾಲು ದೂರವನ್ನು ಚಾರ್ಜ್ ಮಾಡಿದ ಬ್ಯಾಟರಿಯಿಂದಲೇ ಓಡುತ್ತೀರಿ ಅಂತ ಮೊದಲೇ ಹಿಡಿದಿರುತ್ತಾರೆ. ಮನೆಯಲ್ಲಿ ದಿನಾ ಚಾರ್ಜ್ ಮಾಡುವವರಿಗೆ ಅದು ಹತ್ತಿರದ ಸತ್ಯ. ಇಲ್ಲದವರಿಗೆ ಅಲ್ಲ. ಬ್ಯಾಟರಿ ಖಾಲಿ ಇದ್ದಾಗ ನೂರಕ್ಕೆ ಎಷ್ಟು ಲೀಟರ್ ಅನ್ನುವ ಅಂಕಿ ಪ್ರತ್ಯೇಕ ಇರುತ್ತದೆ, ಅದನ್ನು ಕೇಳಿ. ಮೋಟರ್ ಮತ್ತು ಬ್ಯಾಟರಿಯ ತೂಕವನ್ನು ಆಗ ಬರೀ ಎಂಜಿನ್ನೇ ಎಳೆಯಬೇಕು ಅನ್ನುವುದು ನೆನಪಿರಲಿ.

## ಹಂತ 7: ಟೆಸ್ಟ್ ಡ್ರೈವ್ ಅನ್ನು ಅಳತೆಗೆ ಬಳಸಿ

ಒಮ್ಮೆ ಒಂದು ಟರ್ಬೊ ಕೂಪೆ ನೋಡಲು ಹೋಗಿದ್ದೆ. ಡ್ಯಾಶ್‌ಬೋರ್ಡ್‌ನಲ್ಲಿ ನೂರಕ್ಕೆ 7.9 ಲೀಟರ್ ಅಂತ ಹೊಳೆಯುತ್ತಿತ್ತು. ಮಾರುವವರು ಬೆರಳಿಟ್ಟು ತೋರಿಸಿದರು. ಅದೇ ಪರದೆಯ ಕೆಳಗಿನ ಸಾಲಿನಲ್ಲಿ ಚಿಕ್ಕ ಅಕ್ಷರದಲ್ಲಿ ಸರಾಸರಿ ವೇಗ 88 ಕಿ.ಮೀ. ಅಂತ ಇತ್ತು. ಬೇರೆ ಊರಿನಿಂದ ಹೈವೇಯಲ್ಲಿ ಓಡಿಸಿಕೊಂಡು ಬಂದ ಗಾಡಿ ಅದು, ಆಮೇಲೆ ಟ್ರಿಪ್ ಸೊನ್ನೆ ಮಾಡಿರಲಿಲ್ಲ. ನಾನು ಸೊನ್ನೆ ಮಾಡಿ, ನನ್ನ ದಿನದ ದಾರಿಯಲ್ಲೇ ಅರ್ಧ ಗಂಟೆ ಓಡಿಸಿದೆ. 12.6 ಬಂತು. ಸರಾಸರಿ ವೇಗ 24. ಎರಡು ಅಂಕಿಯೂ ನಿಜವೇ, ನನ್ನದು ಮಾತ್ರ ಎರಡನೆಯದು.

ಕ್ರಮ ಹೀಗಿರಲಿ:

1. ಹೊರಡುವ ಮುಂಚೆ ಟೈರಿನ ಗಾಳಿ ನೋಡಿ. ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲಿ ಇರುವಷ್ಟೇ ಇರಬೇಕು.

2. ಎಂಜಿನ್ ಬಿಸಿಯಾಗಲು ಹತ್ತು ನಿಮಿಷ ಓಡಿಸಿ. ಆಮೇಲೆ ಟ್ರಿಪ್ ಸೊನ್ನೆ ಮಾಡಿ.

3. ನಿಮ್ಮ ಮಾಮೂಲಿ ದಾರಿಯಲ್ಲಿ, ಮಾಮೂಲಿ ಮೋಡ್‌ನಲ್ಲಿ, ನೀವು ದಿನಾ ಓಡಿಸುವ ಹಾಗೆ ಅರ್ಧ ಗಂಟೆ ಓಡಿಸಿ. ಪಕ್ಕದಲ್ಲಿ ಕೂತವರನ್ನು ಮೆಚ್ಚಿಸಲು ಒತ್ತಬೇಡಿ, ಅಂಕಿ ಚೆನ್ನಾಗಿ ಬರಲಿ ಅಂತ ತೆವಳಬೇಡಿ. ಫೋಟೋ ತೆಗೆದುಕೊಳ್ಳಿ.

4. ವೇಗದ ಮಿತಿ ಅವಕಾಶ ಕೊಡುವ ತೆರೆದ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಗಂಟೆಗೆ 100ರ ಸಮ ವೇಗದಲ್ಲಿ ಹತ್ತು ಕಿ.ಮೀ. ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಒಂದೇ ಕಡೆ ಹೋದರೆ ಇಳಿಜಾರು, ಗಾಳಿ ಲೆಕ್ಕ ಕೆಡಿಸುತ್ತವೆ.

5. ಆಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ) ಮುಳ್ಳು ಎಲ್ಲಿ ನಿಂತಿದೆ ನೋಡಿ. 2,000ದ ಆಸುಪಾಸು ಅಥವಾ ಕೆಳಗಿದ್ದರೆ ಉದ್ದ ಪ್ರಯಾಣಕ್ಕೆ ಒಳ್ಳೆಯದು. 3,000 ಇದ್ದರೆ ಹೈವೇ ಮೈಲೇಜ್ ಕಡಿಮೆಯಾಗುತ್ತದೆ, ದಿನವಿಡೀ ಆ ಸದ್ದೂ ಕಿವಿಯಲ್ಲಿ ಇರುತ್ತದೆ.

6. ಜೋರಾಗಿ ಓಡಿಸಿ ನೋಡುವುದನ್ನು ಕೊನೆಗೆ ಇಡಿ, ಅದನ್ನು ಬೇರೆ ಟ್ರಿಪ್‌ನಲ್ಲಿ ಅಳೆಯಿರಿ.

ಸ್ಪೋರ್ಟ್ ಮೋಡ್ ಹಾಕಿದಾಗ ಗೇರು ತಡವಾಗಿ ಬದಲಾಗುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಲ್ಲುವ ಸೌಲಭ್ಯವೂ ಕೆಲವು ಕಾರುಗಳಲ್ಲಿ ಬಂದ್ ಆಗುತ್ತದೆ. ಗಾಡಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಯಾವ ಮೋಡ್‌ಗೆ ಬರುತ್ತದೆ ಅಂತಲೂ ನೋಡಿ. ಕಂಪ್ಯೂಟರ್ ತೋರಿಸುವ ಅಂಕಿ ಬಹಳ ಕಾರುಗಳಲ್ಲಿ ನಿಜಕ್ಕಿಂತ ಸ್ವಲ್ಪ ಚೆನ್ನಾಗಿಯೇ ಇರುತ್ತದೆ. ಕಾರು ಒಂದು ದಿನದ ಮಟ್ಟಿಗೆ ಸಿಕ್ಕರೆ ಬಂಕ್‌ನಲ್ಲಿ ಫುಲ್ ಮಾಡಿಸಿ ಹಂತ 1ರ ಹಾಗೆ ಅಳೆಯಿರಿ.

ಎಚ್ಚರಿಕೆಯ ಲಕ್ಷಣಗಳು ಇವೆ. ಟ್ರಿಪ್ ಸೊನ್ನೆ ಮಾಡಲು ಬಿಡದಿದ್ದರೆ, ತಾವು ಹೇಳಿದ ದಾರಿಯಲ್ಲೇ ಹೋಗಬೇಕು ಅಂದರೆ, ಹತ್ತೇ ನಿಮಿಷ ಅಂದರೆ, ಅಲ್ಲಿ ನೋಡಿದ ಯಾವ ಅಂಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

## ಹಂತ 8: ವರ್ಷದ ಲೀಟರ್, ಟ್ಯಾಂಕಿನ ದೂರ

ಈಗ ನಿಮ್ಮ ಕೈಯಲ್ಲಿ ಪ್ರತಿ ಕಾರಿಗೂ ನಿಮ್ಮದೇ ಆದ ಅಂಕಿ ಇದೆ. ಅದನ್ನು ವರ್ಷದ ಓಟದಿಂದ ಗುಣಿಸಿ. ಮೇಲಿನ 70:30 ಉದಾಹರಣೆಯಲ್ಲಿ ವರ್ಷಕ್ಕೆ 12,000 ಕಿ.ಮೀ. ಓಡಿದರೆ ಕಾರ್ವೆಟ್‌ಗೆ 1,632 ಲೀಟರ್, ಎಂಎಕ್ಸ್-5ಗೆ 1,008. ಪೆಟ್ರೋಲ್ ದರದಿಂದ ಗುಣಿಸಿ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರೋ ಅಷ್ಟರಿಂದ ಗುಣಿಸಿ. ಬಂದ ಮೊತ್ತವನ್ನು ಕಾರಿನ ಬೆಲೆಯ ಪಕ್ಕದಲ್ಲೇ ಬರೆಯಿರಿ.

ಇದು ಎರಡೂ ಕಡೆ ಕೆಲಸ ಮಾಡುತ್ತದೆ. ವರ್ಷಕ್ಕೆ 3,000 ಕಿ.ಮೀ. ಮಾತ್ರ, ರಜೆ ದಿನಗಳಲ್ಲಿ ಓಡಿಸುವವರಿಗೆ ಅದೇ ಎರಡು ಕಾರುಗಳ ವ್ಯತ್ಯಾಸ 156 ಲೀಟರ್. ಒಂದು ಸೆಟ್ ಟೈರಿನ ಖರ್ಚಿನ ಮುಂದೆ ಅದು ದೊಡ್ಡದೇನಲ್ಲ. ಅಂಥವರು ಮೈಲೇಜ್‌ಗೋಸ್ಕರ ಇಷ್ಟದ ಕಾರು ಬಿಡಬೇಕಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ದಿನಾ ಕೆಲಸಕ್ಕೆ ಅದೇ ಕಾರಿನಲ್ಲಿ ಹೋಗುವವರು ಮಾತ್ರ ಈ ಅಂಕಿಯನ್ನು ಎರಡು ಸಲ ನೋಡಬೇಕು.

ಟ್ಯಾಂಕ್ ಅಳತೆಯನ್ನೂ ಮರೆಯಬೇಡಿ. ಎಂಎಕ್ಸ್-5ರ ಟ್ಯಾಂಕ್ 45 ಲೀಟರ್, ಜಿಆರ್86ರದ್ದು 50, ಕಾರ್ವೆಟ್‌ನದ್ದು 70. ಅದೇ 70:30 ರಸ್ತೆಯಲ್ಲಿ ಒಂದು ಟ್ಯಾಂಕಿಗೆ ಎಂಎಕ್ಸ್-5 ಸುಮಾರು 535, ಕಾರ್ವೆಟ್ 515, ಜಿಆರ್86 ಸುಮಾರು 460 ಕಿ.ಮೀ. ಓಡುತ್ತದೆ. ಇದರಲ್ಲಿ ಕೊನೆಯ ಎಂಟು ಹತ್ತು ಲೀಟರನ್ನು ಯಾರೂ ಖಾಲಿ ಮಾಡುವುದಿಲ್ಲ, ಅದನ್ನು ಕಳೆಯಿರಿ. "ಪದೇ ಪದೇ ಬಂಕ್‌ಗೆ ಹೋಗಬೇಕು" ಅನ್ನುವ ದೂರು ಎಷ್ಟೋ ಸಲ ಮೈಲೇಜ್‌ನದ್ದಲ್ಲ, ಚಿಕ್ಕ ಟ್ಯಾಂಕಿನದ್ದು.

## ಹಂತ 9: ಸೆಕೆಂಡ್ ಹ್ಯಾಂಡ್ ಆದರೆ ಇಷ್ಟು ಹೆಚ್ಚುವರಿ

ಹಳೇ ಸ್ಪೋರ್ಟ್ಸ್ ಕಾರು ಹೊಸದಾಗಿದ್ದಾಗಿನ ಮೈಲೇಜ್ ಕೊಡಬೇಕಾದರೆ ಎಲ್ಲವೂ ಸರಿ ಇರಬೇಕು. ಸರಿ ಇದೆಯೇ ಅಂತ ಹೀಗೆ ನೋಡಿ.

ಒಬಿಡಿ ಸ್ಕ್ಯಾನರ್ ಹಾಕಿ, ಎಂಜಿನ್ ಬಿಸಿಯಾದ ಮೇಲೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ನಿಗದಿಗಿಂತ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ನೋಡಿ. ಸೊನ್ನೆಯ ಹತ್ತಿರ ಇರಬೇಕು. 10%ಗಿಂತ ಆಚೆ ಈಚೆ ಹೋಗಿದ್ದರೆ ಸೆನ್ಸರ್, ಗಾಳಿ ಸೋರಿಕೆ, ಇಂಜೆಕ್ಟರ್ ಯಾವುದೋ ಒಂದರಲ್ಲಿ ತೊಂದರೆ ಇದೆ. ಎಂಜಿನ್ ಬಿಸಿಯ ಅಂಕಿಯನ್ನೂ ನೋಡಿ. ಇಪ್ಪತ್ತು ನಿಮಿಷ ಓಡಿದರೂ ಸರಿಯಾದ ಮಟ್ಟಕ್ಕೆ ಬರದಿದ್ದರೆ ಎಂಜಿನ್ನಿನ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. ಆಗ ಎಂಜಿನ್ ಸದಾ ತಣ್ಣಗಿರುವ ಎಂಜಿನ್ನಿನ ಹಾಗೆ ಪೆಟ್ರೋಲ್ ಕೇಳುತ್ತದೆ.

ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಮಾಡಿ, ಬ್ರೇಕ್ ಬಿಟ್ಟು, ಗಾಡಿಯನ್ನು ಕೈಯಿಂದ ತಳ್ಳಿ ನೋಡಿ. ಸಲೀಸಾಗಿ ಹೊರಡಬೇಕು. ಹೊರಡದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದಿಂದ ಮಾತ್ರ ಜಾಸ್ತಿ ಬಿಸಿ ಬರುತ್ತಿದ್ದರೂ ಅದೇ ಅರ್ಥ. ಚಕ್ರವನ್ನು ಮುಟ್ಟಬೇಡಿ, ಹತ್ತಿರ ಕೈ ಒಡ್ಡಿದರೆ ಸಾಕು, ಗೊತ್ತಾಗುತ್ತದೆ.

ಎಂಜಿನ್ ಕಂಪ್ಯೂಟರ್‌ನ ಮ್ಯಾಪ್ (ಪೆಟ್ರೋಲ್, ಕಿಡಿ ಯಾವಾಗ ಎಷ್ಟು ಅಂತ ಹೇಳುವ ಸೆಟ್ಟಿಂಗ್) ಬದಲಿಸಿದ್ದಾರಾ ಅಂತ ನೇರವಾಗಿ ಕೇಳಿ. ಬದಲಿಸಿದ್ದರೆ ಕಂಪನಿಯ ಯಾವ ಅಂಕಿಯೂ ಆ ಗಾಡಿಗೆ ಹೊಂದುವುದಿಲ್ಲ. ಟೈರಿನ ಅಳತೆ ಕಂಪನಿ ಕೊಟ್ಟದ್ದೇ ಇದೆಯಾ ನೋಡಿ. ಟೈರಿನ ಸುತ್ತಳತೆ ಬದಲಾದರೆ ಓಡೋಮೀಟರ್ ತಪ್ಪು ದೂರ ತೋರಿಸುತ್ತದೆ, ಮೈಲೇಜ್ ಲೆಕ್ಕವೂ ತಪ್ಪುತ್ತದೆ.

## ಹಂತ 10: ತಗೊಂಡ ಮೇಲೆ ಮೂರು ಟ್ಯಾಂಕ್

ಹೊಸ ಕಾರಿನ ಮೊದಲ ಟ್ಯಾಂಕ್ ನೋಡಿ ಗಾಬರಿಯಾಗಬೇಡಿ. ಎಂಜಿನ್ ಪೂರ್ತಿ ಪಳಗಲು 5,000ದಿಂದ 8,000 ಕಿ.ಮೀ. ಬೇಕಾಗಬಹುದು. ಅಲ್ಲಿಯ ತನಕ ಕೈಪಿಡಿಯಲ್ಲಿ ಹೇಳಿದ ಹಾಗೆ ಓಡಿಸಿ, ಲೆಕ್ಕ ಮಾತ್ರ ಬರೆಯುತ್ತಾ ಹೋಗಿ. ಸೆಕೆಂಡ್ ಹ್ಯಾಂಡ್ ಆದರೆ ಮೊದಲ ದಿನದಿಂದಲೇ ಅಳೆಯಿರಿ.

ಪಳಗಿದ ಮೇಲೆ ಸತತ ಮೂರು ಟ್ಯಾಂಕಿನ ಸರಾಸರಿಯನ್ನು ನೀವು ಮೊದಲು ಬರೆದಿಟ್ಟ ಅಂಕಿಯ ಪಕ್ಕ ಇಡಿ. 10% ಒಳಗಿದ್ದರೆ ಗಾಡಿ ಸರಿ ಇದೆ. ಅದಕ್ಕಿಂತ ಜಾಸ್ತಿ ಕುಡಿಯುತ್ತಿದ್ದರೆ ಮೊದಲು ಸರಾಸರಿ ವೇಗ ನೋಡಿ. ಅದೂ ಇಳಿದಿದ್ದರೆ ಬದಲಾಗಿದ್ದು ನಿಮ್ಮ ದಾರಿ. ವೇಗ ಅಷ್ಟೇ ಇದ್ದರೆ ಟೈರಿನ ಗಾಳಿ ನೋಡಿ, ಬ್ರೇಕ್ ಹಿಡಿದಿದೆಯಾ ನೋಡಿ. ಎರಡೂ ಸರಿ ಇದ್ದರೆ ಬಂಕ್ ಲೆಕ್ಕ ಬರೆದ ಹಾಳೆ ತಗೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ. "ಮೈಲೇಜ್ ಬರ್ತಿಲ್ಲ" ಅಂತ ಬರೀ ಬಾಯಲ್ಲಿ ಹೇಳಿದರೆ ನಿಮ್ಮ ಓಡಿಸುವ ರೀತಿಯ ಮೇಲೆ ಹಾಕಿ ಕಳಿಸುತ್ತಾರೆ. ಮೂರು ಟ್ಯಾಂಕಿನ ಲೀಟರ್, ಕಿಲೋಮೀಟರ್, ಸರಾಸರಿ ವೇಗ ಬರೆದ ಹಾಳೆ ಎದುರಿಗಿಟ್ಟರೆ ಸ್ಕ್ಯಾನರ್ ಹಾಕಿ ನೋಡುತ್ತಾರೆ.